ರಕ್ತಕ್ಕೂ ಮುಹೂರ್ತವೇ?

ಸೋದರಿಯರೇ, ಮದುವೆಗೆ ಮುಹೂರ್ತ ನೋಡುತ್ತೇವೆ. ಮಗುವಿನ ಕಿವಿ ಚುಚ್ಚಿಸಲು ನೋಡುತ್ತೇವೆ. ನಮ್ಮ ಬಯಲುಸೀಮೆಯಲ್ಲಿ ಬೋರ್ ಕೊರೆಸುವುದಕ್ಕೂ ನೋಡುತ್ತೇವೆ. ಆದರೆ ರಕ್ತ ಕೊಡುವುದಕ್ಕೂ ಮುಹೂರ್ತ ಉಂಟೆಂದು ನಿಮಗೆ ಗೊತ್ತಿತ್ತೆ? ನನಗಂತೂ ಗೊತ್ತಿರಲಿಲ್ಲ.

ಡಾಕ್ಟರು ಒಂದು ಚೀಟಿ ಬರೆದುಕೊಟ್ಟು, "ಬೆಳಿಗ್ಗೆ 8 ಗಂಟೆಗೆ ಹೋಗಿ ಈ ರಕ್ತಪರೀಕ್ಷೆ ಮಾಡಿಸಿ" ಎಂದಿದ್ದರು. ಬಾಗೂರಿನಿಂದ ಹೊಸದುರ್ಗಕ್ಕೆ ಬೆಳಿಗ್ಗೆ ಎಂಟಕ್ಕೆ ತಲುಪುವುದೆಂದರೆ ಏನು ಅಂತ ಹೆಂಗಸರಾದ ನಿಮಗೆ ಬಿಡಿಸಿ ಹೇಳಬೇಕೆ? ಅಂಗಳ ಗುಡಿಸಿ, ಹಸು ಕರೆದು, ತಿಂಡಿ ಮಾಡಿ, ಮಗನ ಡಬ್ಬಿಗೆ ಹಾಕಿ, ಅತ್ತೆಯವರಿಗೆ ಬಿಸಿನೀರು ತೋಡಿಟ್ಟು ಹೊರಡುವ ಹೊತ್ತಿಗೆ ಬಸ್ಸು ಹೋಗಿಯಾಗಿತ್ತು. ಮುಂದಿನ ಬಸ್ಸು ಹಿಡಿದು ಲ್ಯಾಬಿನ ಮೆಟ್ಟಿಲು ಹತ್ತಿದಾಗ ಹನ್ನೊಂದು. ಅಲ್ಲಿದ್ದ ಹುಡುಗ ಚೀಟಿ ನೋಡಿದ, ಗೋಡೆಯ ಗಡಿಯಾರ ನೋಡಿದ.

"ಇವತ್ತಾಗಲ್ಲಕ್ಕ. ನಾಳೆ ಎಂಟಕ್ಕೇ ಬರ್ರಿ."

"ಯಾಕಪ್ಪಾ? ಒಂದು ಲೋಟ ಕಾಫಿನೂ ಕುಡಿದಿಲ್ಲ, ಖಾಲಿ ಹೊಟ್ಟೇಲೇ ಬಂದಿದೀನಿ."

"ಇದು ಹೊಟ್ಟೆ ಮಾತಲ್ಲಕ್ಕ, ಹೊತ್ತಿನ ಮಾತು" ಅಂದ.

ಹುಡುಗನ ಮೇಲೆ ಸಿಟ್ಟು ಬಂತು, ನಿಜ. ಆದರೆ ವಾಪಸು ಬರುವ ಬಸ್ಸಿನಲ್ಲಿ ಅವನ ಮಾತೇ ತಲೆಯಲ್ಲಿ ಸುತ್ತತೊಡಗಿತು. ನನ್ನ ಮೈಯಲ್ಲಿ ಎಂಟಕ್ಕೆ ಇದ್ದದ್ದು ಹನ್ನೊಂದಕ್ಕೆ ಎಲ್ಲಿಗೆ ಹೋಗುತ್ತದೆ?

ಪರೀಕ್ಷೆ ಯಾಕೆ ಬಂತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಮಾವನವರು ಲಕ್ವ ಹೊಡೆದು ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಬೆನ್ನು ಹುಣ್ಣಾಗದಂತೆ ರಾತ್ರಿ ಎರಡು ಗಂಟೆಗೆ ಎದ್ದು ಅವರನ್ನು ಮಗ್ಗುಲು ಬದಲಿಸಿ ಮಲಗಿಸಬೇಕಿತ್ತು. ಅದು ನನ್ನ ಪಾಲಿಗೆ ಬಂದ ಕೆಲಸ. ಹೋದ ವರ್ಷ ಕಾರ್ತೀಕದಲ್ಲಿ ಅವರು ತೀರಿಕೊಂಡರು. ಕೆಲಸ ಮುಗಿಯಿತು, ಆದರೆ ಎಚ್ಚರ ಮುಗಿಯಲಿಲ್ಲ. ಈಗಲೂ ಎರಡು ಗಂಟೆಗೆ ಯಾರೋ ಕೂಗಿದಂತೆ ದಡಕ್ಕನೆ ಎದ್ದು ಕೂರುತ್ತೇನೆ. ಮಂಚ ಖಾಲಿ. ಆಮೇಲೆ ನಿದ್ದೆ ಹತ್ತುವುದಿಲ್ಲ. ಬೆಳಿಗ್ಗೆ ಮೈ ಭಾರ, ಸಂಜೆಯಾದರೆ ಕಾರಣವಿಲ್ಲದೆ ಎಲ್ಲರ ಮೇಲೂ ಹರಿಹಾಯುವುದು. ಕನ್ನಡಿಯಲ್ಲಿ ಮುಖವೂ ಊದಿದಂತೆ ಕಾಣುತ್ತಿತ್ತು. ಅದಕ್ಕೇ ಡಾಕ್ಟರು 'ಕಾರ್ಟಿಸಾಲ್' ನೋಡೋಣ ಎಂದದ್ದು.

ದಾವಣಗೆರೆಯಲ್ಲಿ ನರ್ಸಿಂಗ್ ಓದುವ ನನ್ನ ಮಗಳು ರಜೆಗೆ ಬಂದಾಗ ಕೂತು ವಿವರಿಸಿದಳು. ಅವಳ ಪುಸ್ತಕಗಳನ್ನು ನಾನೂ ತಿರುವಿ ಹಾಕಿದೆ. ತಿಳಿದಷ್ಟನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮ ಎರಡೂ ಮೂತ್ರಪಿಂಡಗಳ ತಲೆಯ ಮೇಲೆ ಟೋಪಿ ಇಟ್ಟಂತೆ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಗಳು ಕೂತಿವೆ. ಅವುಗಳ ಹೊರಪದರದಲ್ಲಿ ತಯಾರಾಗುವ ರಸವೇ ಕಾರ್ಟಿಸಾಲ್. ಈ ಹೊರಪದರದ ಹಾರ್ಮೋನುಗಳನ್ನು ಕಂಡುಹಿಡಿದ ಕೆಂಡಾಲ್, ರೈಖ್‌ಸ್ಟೈನ್, ಹೆಂಚ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಬಹುಮಾನ ಬಂತು. ಇದನ್ನು 'ಒತ್ತಡದ ಹಾರ್ಮೋನು' ಎಂದು ಕರೆದು ಎಲ್ಲರೂ ಬೈಯುತ್ತಾರೆ. ಪಾಪ, ಅರ್ಧ ಬೈಗುಳ ಸುಳ್ಳು! ಹೊಟ್ಟೆ ಖಾಲಿಯಿದ್ದಾಗ ರಕ್ತಕ್ಕೆ ಸಕ್ಕರೆ ಒದಗಿಸುವುದು, ರಕ್ತದೊತ್ತಡ ಕುಸಿಯದಂತೆ ಹಿಡಿಯುವುದು, ಊತ ಉರಿಗಳನ್ನು ಹದ್ದಿನಲ್ಲಿಡುವುದು ಎಲ್ಲ ಇದರದೇ ಕೆಲಸ. ಇದು ಇಲ್ಲದಿದ್ದರೆ ನಾವು ಹಾಸಿಗೆಯಿಂದ ಏಳುವಂತೆಯೇ ಇಲ್ಲ.

ಹಾಸಿಗೆಯಿಂದ ಏಳುವ ಮಾತು ಬಂತಲ್ಲ, ಹೊತ್ತಿನ ಗುಟ್ಟು ಇರುವುದೇ ಅಲ್ಲಿ. ಕಾರ್ಟಿಸಾಲ್ ದಿನವಿಡೀ ಒಂದೇ ಸಮ ಇರುವುದಿಲ್ಲ. ನಡುರಾತ್ರಿಯ ಹೊತ್ತಿಗೆ ತೀರಾ ತಗ್ಗಿರುತ್ತದೆ. ರಾತ್ರಿಯ ಎರಡನೆಯ ಅರ್ಧದಲ್ಲಿ ಮೆಲ್ಲಗೆ ಏರತೊಡಗುತ್ತದೆ. ಎದ್ದ ಮೇಲೆ ಅರ್ಧ ಮುಕ್ಕಾಲು ಗಂಟೆಯೊಳಗೆ ಇನ್ನೊಂದು ದೊಡ್ಡ ಏರು ಏರಿ ಶಿಖರ ಮುಟ್ಟುತ್ತದೆ. ಆಮೇಲೆ ಮಧ್ಯಾಹ್ನ, ಸಂಜೆ, ರಾತ್ರಿ ಎಂದು ಇಳಿಜಾರು. ಮಿದುಳಿನೊಳಗೆ ಕಣ್ಣಿನ ನರಗಳು ಹಾದುಹೋಗುವ ಜಾಗದಲ್ಲಿ ಒಂದು ಗಡಿಯಾರವಿದೆ. ಬೆಳಗಿನ ಬೆಳಕು ನೋಡಿ ಅದು ತನ್ನ ಮುಳ್ಳು ಸರಿ ಮಾಡಿಕೊಳ್ಳುತ್ತದೆ. ಇಂಥ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆಂದು ತೋರಿಸಿದ್ದಕ್ಕೆ 2017ರಲ್ಲಿ ಮತ್ತೆ ಮೂವರಿಗೆ ನೊಬೆಲ್ ಬಂತು.

ನನಗೆ ನಮ್ಮಜ್ಜಿಯ ಸೌದೆ ಒಲೆ ನೆನಪಾಯಿತು. ಬೆಳಿಗ್ಗೆ ಧಗಧಗ ಉರಿ. ಅಡುಗೆ ಮುಗಿದಂತೆ ಕೊಳ್ಳಿ ಹಿಂದಕ್ಕೆಳೆಯುವುದು. ರಾತ್ರಿ ಮಲಗುವಾಗ ಕೆಂಡದ ಮೇಲೆ ಬೂದಿ ಮುಚ್ಚಿಟ್ಟರೆ ನಾಳೆಗೆ ಕಿಡಿ ಇರುತ್ತಿತ್ತು. ಕಾರ್ಟಿಸಾಲ್‌ನ ಲೆಕ್ಕವೂ ಅದೇ. ಬೆಳಿಗ್ಗೆ ಎಂಟಕ್ಕೆ ಸರಿ ಎನಿಸುವ ಅಂಕಿ ರಾತ್ರಿ ಹನ್ನೊಂದಕ್ಕೆ ಕಂಡರೆ ಡಾಕ್ಟರು ಹುಬ್ಬೇರಿಸುತ್ತಾರೆ. ಹೊತ್ತು ಗೊತ್ತಿಲ್ಲದೆ ತೆಗೆದ ರಕ್ತದಿಂದ ಉರಿ ಹೆಚ್ಚೋ ಕಡಿಮೆಯೋ ಹೇಳಲಾಗದು. ಲ್ಯಾಬಿನ ಹುಡುಗ ಸರಿಯಾಗೇ ಹೇಳಿದ್ದ.

ಮಾರನೆಯ ದಿನ ಯಜಮಾನರ ಸ್ಕೂಟರಿನಲ್ಲಿ ಹೋಗಿ ಎಂಟಕ್ಕೆ ಸರಿಯಾಗಿ ರಕ್ತ ಕೊಟ್ಟೆ. ರಿಪೋರ್ಟು ಚೆನ್ನಾಗಿಯೇ ಬಂತು. "ಗ್ರಂಥಿಯಲ್ಲಿ ತೊಂದರೆ ಏನೂ ಇಲ್ಲಮ್ಮಾ. ಸಂಜೆ ಹೊತ್ತು ಏನು ಮಾಡ್ತೀರಿ?" ಎಂದು ಡಾಕ್ಟರು ಕೇಳಿದರು. ನನಗೆ ನಗು ಬಂತು. ಸಂಜೆ ಏನು ಮಾಡ್ತೀನಿ? ಏನು ಮಾಡಲ್ಲ ಅಂತ ಕೇಳಬೇಕಿತ್ತು!

ಮನೆಗೆ ಬಂದು ಹಿತ್ತಲ ಕಲ್ಲಿನ ಮೇಲೆ ಕೂತೆ. ಎದುರಿಗೆ ತೆಂಗಿನ ತೋಟ, ತೋಟದ ತುಂಬ ಕೋತಿಗಳು. ನಮ್ಮ ಕಡೆಯ ಕೋತಿಯನ್ನು ನೀವೂ ಕಂಡಿದ್ದೀರಿ. ನಡುಬೈತಲೆ ತೆಗೆದು ಬಾಚಿದಂತೆ ತಲೆಗೂದಲು, ಉದ್ದ ಬಾಲ. ಚಿತ್ರದುರ್ಗದ ಕೋಟೆಗೆ ಹೋದವರ ಕೈಯಿಂದ ಕಡಲೆಕಾಯಿ ಪೊಟ್ಟಣ ಕಿತ್ತುಕೊಳ್ಳುವುದೂ ಇದೇ ಜಾತಿ. ಬೆಳಗಾದರೆ ಎಳನೀರು ಕಿತ್ತು ಕೆಡವಿ ನಮ್ಮ ಹೊಟ್ಟೆ ಉರಿಸುತ್ತವೆ. ಆದರೆ ಹೊತ್ತು ಇಳಿಯಿತೆಂದರೆ ಆಟ ನಿಲ್ಲಿಸಿ ಮರ ಹತ್ತುತ್ತವೆ. ಒಂದರ ತಲೆಯನ್ನು ಇನ್ನೊಂದು ಬಿಡಿಸಿ ಹೇನು ಹೆಕ್ಕುತ್ತ ಕೂತು, ಕತ್ತಲಾಗುತ್ತಲೇ ಒಂದನ್ನೊಂದು ತಬ್ಬಿಕೊಂಡು ಮಲಗುತ್ತವೆ. ಅವುಗಳ ದಿನ ಮುಗಿಯುವ ಹೊತ್ತಿಗೆ ನನ್ನ ಎರಡನೆಯ ದಿನ ಶುರು.

ಹಗಲು ಓಡಾಡಿ ರಾತ್ರಿ ಮಲಗುವ ಕೋತಿಗಳಲ್ಲೂ ಕಾರ್ಟಿಸಾಲ್ ನಮ್ಮ ಹಾಗೆಯೇ ಬೆಳಿಗ್ಗೆ ಏರಿ ಸಂಜೆ ಇಳಿಯುತ್ತದಂತೆ. ರಾತ್ರಿ ಓಡಾಡುವ ಇಲಿಗೆ ಇದೆಲ್ಲ ತಲೆಕೆಳಗು. ಅದರ ಮೈಯ ರಸ ಏರುವುದು ಸಂಜೆಗೆ. ಅಮೆರಿಕದ ರಾಬರ್ಟ್ ಸಪೋಲ್‌ಸ್ಕಿ ಎಂಬ ವಿಜ್ಞಾನಿ 1978ರಿಂದ ಎಷ್ಟೋ ವರ್ಷ ಆಫ್ರಿಕದ ಕೀನ್ಯಾ ದೇಶಕ್ಕೆ ಹೋಗಿ, ಅಲ್ಲಿನ ಬಬೂನ್ ಎಂಬ ದೊಡ್ಡ ಕೋತಿಗಳಿಗೆ ಮತ್ತು ಬರಿಸುವ ಬಾಣ ಹೊಡೆದು ರಕ್ತ ತೆಗೆದರು. ಅವರೂ ಮುಹೂರ್ತ ತಪ್ಪಿಸುತ್ತಿರಲಿಲ್ಲ. ಎಲ್ಲ ಕೋತಿಗಳಿಗೂ ಬೆಳಗಿನ ಒಂದೇ ಹೊತ್ತಿನಲ್ಲಿ ಬಾಣ! ಗುಂಪಿನಲ್ಲಿ ಯಾರು ಮೇಲು ಯಾರು ಕೀಳು ಎಂಬುದು ಗಟ್ಟಿಯಾಗಿದ್ದಾಗ ಯಜಮಾನ ಗಂಡುಗಳ ಕಾರ್ಟಿಸಾಲ್ ತಗ್ಗಿರುತ್ತಿತ್ತು, ಕೆಳಗಿನವುಗಳದು ಹೆಚ್ಚು. ಗುಂಪಿನಲ್ಲಿ ಜಗಳವೆದ್ದು ಯಜಮಾನಿಕೆ ಅಲ್ಲಾಡಿದಾಗ ಮೇಲಿನವುಗಳಿಗೂ ಆ ನೆಮ್ಮದಿ ಇರಲಿಲ್ಲ. ಕೂಡು ಮನೆಯಲ್ಲಿ ಬಾಳಿದ ನಮಗೆ ಇದನ್ನು ವಿಜ್ಞಾನಿ ಬಂದು ಹೇಳಬೇಕೆ, ನೀವೇ ಹೇಳಿ?

ಮನುಷ್ಯರಿಗೆ ಬಾಣ ಬೇಕಿಲ್ಲ, ಎಂಜಲು ಸಾಕು. ನಮ್ಮ ಮೈಸೂರಿನಲ್ಲೇ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಸಂಶೋಧಕರು ಅಲ್ಲಿ 1997-98ರಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಆ ಮಕ್ಕಳು ಹದಿಮೂರು ದಾಟಿದಾಗ ಒಂದು ಪರೀಕ್ಷೆಯಿಟ್ಟರು. ಗುರುತಿಲ್ಲದ ಇಬ್ಬರ ಮುಂದೆ ನಿಂತು ಐದು ನಿಮಿಷ ಭಾಷಣ, ಐದು ನಿಮಿಷ ಬಾಯಿಲೆಕ್ಕ. ಮುಂಚೆಯೂ ಆಮೇಲೂ ಎಂಜಲು ತೆಗೆದು ನೋಡಿದರೆ ಕಾರ್ಟಿಸಾಲ್ ಏರಿತ್ತು. ಹತ್ತೇ ನಿಮಿಷದ ಪುಕ್ಕಲು ಅದು. ಇಂಥ ಏರು ಬಂದ ಹಾಗೇ ಗಂಟೆಯೊಳಗೆ ಇಳಿದುಹೋಗುತ್ತದೆ, ಮೈಗೇನೂ ಕೇಡಿಲ್ಲ. ಕೇಡು ಇರುವುದು ಇಳಿಯದೇ ಇದ್ದಾಗ. ದೀರ್ಘಕಾಲ ಒತ್ತಡದಲ್ಲಿದ್ದವರಲ್ಲಿ, ನಿದ್ದೆಗೆಟ್ಟು ರೋಗಿಯನ್ನು ನೋಡಿಕೊಂಡವರಲ್ಲಿ, ರಾತ್ರಿಪಾಳಿಯವರಲ್ಲಿ ಬೆಳಗಿನ ಏರು, ಸಂಜೆಯ ಇಳಿತ ಎರಡೂ ಸಪಾಟಾಗುವುದು ಕಂಡುಬಂದಿದೆ. ಅಂದರೆ ಒಲೆ ಬೆಳಿಗ್ಗೆ ಸರಿಯಾಗಿ ಹೊತ್ತುವುದೂ ಇಲ್ಲ, ರಾತ್ರಿ ಆರುವುದೂ ಇಲ್ಲ.

ಸಂಜೆಯ ಬಗ್ಗೆ ಡಾಕ್ಟರು ಕೇಳಿದ್ದು ಸುಮ್ಮನೆ ಅಲ್ಲ. 1989ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕೇಳಿ. ಸ್ವೀಡನ್ ದೇಶದ ವೋಲ್ವೊ ಕಂಪನಿಯಲ್ಲಿ ಮರಿಯಾನ್ ಫ್ರಾಂಕನ್‌ಹಾಯ್ಸರ್ ಎಂಬ ಮಹಿಳಾ ವಿಜ್ಞಾನಿ ಗಂಡು ಹೆಣ್ಣು ಅಧಿಕಾರಿಗಳಿಬ್ಬರನ್ನೂ ಪರೀಕ್ಷಿಸಿದರು. ಒತ್ತಡದ ಇನ್ನೊಂದು ರಸವಾದ ನಾರ್ಅಡ್ರಿನಲಿನ್ ಆಫೀಸಿನಲ್ಲಿ ಇಬ್ಬರಿಗೂ ಇತ್ತು. ಸಂಜೆ ಐದು ಹೊಡೆದ ಮೇಲೆ ಗಂಡಸರದು ಸರ್ರನೆ ಇಳಿಯಿತು. ಹೆಂಗಸರದು ಇಳಿಯುವ ಬದಲು ಏರಿತು! ಮನೆಯಲ್ಲಿ ಅಡುಗೆ, ಮಕ್ಕಳು ಕಾದಿದ್ದರಲ್ಲ.

2011ರ ಇನ್ನೊಂದು ಅಧ್ಯಯನ ಅಮೆರಿಕದ ಲಾಸ್ ಏಂಜಲೀಸ್‌ನದು. ಗಂಡಹೆಂಡಿರಿಬ್ಬರೂ ದುಡಿಯುವ ಮನೆಗಳನ್ನು ಗಮನಿಸಿದರು. ಸಂಜೆ ಮನೆಗೆಲಸ ಹೆಚ್ಚು ಮಾಡಿದವರಿಗೆ, ಗಂಡಾಗಲಿ ಹೆಣ್ಣಾಗಲಿ, ಕಾರ್ಟಿಸಾಲ್ ಇಳಿಯುವುದು ಕಡಿಮೆ. ಗಂಡ ಹೆಚ್ಚು ಕೈಜೋಡಿಸಿದ ಮನೆಯಲ್ಲಿ ಹೆಂಡತಿಯ ಇಳಿತ ಚೆನ್ನಾಗಿತ್ತು. ಗಂಡನಿಗೆ ಯಾವಾಗ ಚೆನ್ನಾಗಿ ಇಳಿಯಿತು ಗೊತ್ತೆ? ತಾನು ಹೆಚ್ಚು ಹೊತ್ತು ಆರಾಮಾಗಿದ್ದು, ಹೆಂಡತಿ ಕಡಿಮೆ ಹೊತ್ತು ಆರಾಮಾಗಿದ್ದಾಗ! ಇದನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ಪೇಪರು ಮಡಿಸಿಟ್ಟು, "ಅದು ಅಮೆರಿಕದ ಗಂಡಸರ ಮಾತು ಕಣೇ" ಅಂದರು. ನಾನೇನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ, "ಮುದ್ದೆ ತಿರುವೋದು ತೋಳಿನ ಕೆಲಸ ಅಲ್ವಾ, ಅದನ್ನ ನಾನು ನೋಡ್ಕೋತೀನಿ" ಅಂದರು. ಮೊದಲ ದಿನದ ಮುದ್ದೆಯ ತುಂಬ ಗಂಟು. ಮಗ ತುಟಿ ಬಿಚ್ಚದೆ ಉಂಡೆದ್ದ. ಈಗ ಪರವಾಗಿಲ್ಲ, ಬೆಣ್ಣೆಯಂತೆ ಬರುತ್ತದೆ.

ಆದರೆ ಸೋದರಿಯರೇ, ನಾನು ನಿಜವಾಗಿ ಹೇಳಬೇಕೆಂದಿರುವುದು ಮುದ್ದೆಯ ವಿಷಯವಲ್ಲ, ನಮ್ಮ ಅತ್ತೆಯವರ ವಿಷಯ.

ಮಾವ ಹೋದ ಮೇಲೆ ಅತ್ತೆಯವರಿಗೆ ಒಂದು ಹೊಸ ಚಾಳಿ ಹತ್ತಿತು. ಸಂಜೆ ನಾಲ್ಕಾದರೆ ಜಗಲಿಯ ಮೇಲೆ ಎಣ್ಣೆ ಬಟ್ಟಲು, ಬಾಚಣಿಗೆ ಇಟ್ಟುಕೊಂಡು ಕೂರುವುದು. ಹಾದು ಹೋಗುವ ಹುಡುಗಿಯರನ್ನು ಕರೆದು, "ಬಾರವ್ವಾ, ತಲೆ ನೋಡ್ತೀನಿ" ಎಂದು ಕೂರಿಸಿಕೊಂಡು, ಹೇನು ತೆಗೆದು ಎಣ್ಣೆ ಹಚ್ಚಿ ಜಡೆ ಹಾಕುವುದು. ಮೊದಲು ಪಕ್ಕದ ಮನೆಯವರು, ಆಮೇಲೆ ಮೇಲಿನ ಬೀದಿಯವರು, ಅವರು ಎಂದೂ ಮಾತಾಡಿಸದವರೂ ಬರತೊಡಗಿದರು. ಒಳಗೆ ಪಾತ್ರೆ ತಿಕ್ಕುತ್ತ ನಾನು ಉರಿದುಬೀಳುತ್ತಿದ್ದೆ. ಗಂಡ ಹೋಗಿ ವರ್ಷ ತುಂಬಿಲ್ಲ, ಇವರಿಗೆ ಹರಟೆ ಬೇಕೆ? ಊರಿನ ತಲೆಗಳನ್ನೆಲ್ಲ ನೋಡುವ ಬದಲು ಎರಡು ಪಾತ್ರೆ ತೊಳೆದುಕೊಡಬಾರದೆ? ಒಂದು ದಿನ ಕೇಳುವಂತೆ ಅಂದೂಬಿಟ್ಟೆ. ಅತ್ತೆ ಉತ್ತರ ಕೊಡಲಿಲ್ಲ. ಎಣ್ಣೆ ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಎರಡು ದಿನ ಜಗಲಿಗೆ ಬರಲಿಲ್ಲ.

ಹಾಗಿರುವಾಗಲೇ ಮಗಳು ಕೊಟ್ಟ ಪುಸ್ತಕದಲ್ಲಿ ಇನ್ನೊಂದು ಕೋತಿಯ ಕಥೆ ಓದಿದೆ. ಆಫ್ರಿಕದ ಬೋಟ್ಸ್‌ವಾನಾದಲ್ಲಿ ಬಬೂನುಗಳ ಗುಂಪಿನ ಮೇಲೆ ಸಿಂಹ, ಚಿರತೆ ಬೀಳುತ್ತವೆ. ತನ್ನ ಹತ್ತಿರದ ಬಂಧುವನ್ನು ಹಾಗೆ ಕಳೆದುಕೊಂಡ ಹೆಣ್ಣು ಬಬೂನಿನ ಮೈಯಲ್ಲಿ ಒತ್ತಡದ ರಸ ಏರುತ್ತದೆ. ಕಾಡಿನ ಪ್ರಾಣಿಯ ಹಿಕ್ಕೆ ತೆಗೆದು ಪರೀಕ್ಷಿಸಿದರೆ ಇದು ತಿಳಿಯುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಆನೆಗಳ ಲದ್ದಿಯಿಂದ ನೋಡಿದ್ದೂ ಹೀಗೆಯೇ. ಬಂಧುವನ್ನು ಕಳೆದುಕೊಂಡ ಆ ಬಬೂನು ಮೂಲೆ ಹಿಡಿದು ಕೂರುವುದಿಲ್ಲವಂತೆ. ಮೊದಲಿಗಿಂತ ಹೆಚ್ಚು ಜೊತೆಗಾತಿಯರನ್ನು ಹುಡುಕಿಕೊಂಡು ಹೋಗಿ, ಅವರ ಮೈಗೂದಲು ಬಿಡಿಸಿ ಹೇನು ಹೆಕ್ಕುತ್ತದಂತೆ. ಬರಬರುತ್ತ ಏರಿದ ರಸ ಇಳಿಯುತ್ತದೆ. 2006ರಲ್ಲಿ ಇದನ್ನು ಪ್ರಕಟಿಸಿದವರಲ್ಲಿ ಡೊರೊತಿ ಚೀನಿ, ರಾಬರ್ಟ್ ಸೈಫಾರ್ತ್ ಎಂಬ ದಂಪತಿಗಳೂ ಇದ್ದಾರೆ. ಮರುವರ್ಷ ಜಿಬ್ರಾಲ್ಟರ್‌ನ ಕೋತಿಗಳ ಮೇಲೆ ನಡೆದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೇನು ತೆಗೆಸಿಕೊಂಡ ಹೆಣ್ಣಿಗಿಂತ, ಹೇನು ತೆಗೆದು ಕೊಡುವ ಹೆಣ್ಣಿನ ಒತ್ತಡದ ರಸವೇ ತಗ್ಗಿತ್ತು!

ಓದುತ್ತ ಓದುತ್ತ ಕಣ್ಣು ಮಂಜಾಯಿತು. ಐವತ್ತು ವರ್ಷ ಜೊತೆಗಿದ್ದ ಜೀವ ಹೋಗಿ, ಕೈಗೆ ಕೆಲಸವಿಲ್ಲದೆ, ಮುಟ್ಟಲು ಯಾರೂ ಇಲ್ಲದೆ ಕೂತ ಮುದುಕಿ ತನ್ನ ಮೈಗೆ ಬೇಕಾದ ಮದ್ದನ್ನು ತಾನೇ ಕಂಡುಕೊಂಡಿದ್ದಳು. ನಾನು ಅದನ್ನು ಹರಟೆ ಎಂದು ಕಸಿದುಕೊಂಡಿದ್ದೆ. ಮಾವನವರನ್ನು ಎರಡು ಗಂಟೆಗೆ ಹುಡುಕುವವಳು ನಾನೊಬ್ಬಳೇ ಅಲ್ಲ, ಪಕ್ಕದ ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಅಂದು ಸಂಜೆ ಪಾತ್ರೆಗಳನ್ನು ಹಾಗೇ ಬಿಟ್ಟು, ಎಣ್ಣೆ ಬಟ್ಟಲು ಹಿಡಿದು ಅತ್ತೆಯವರ ಮುಂದೆ ನೆಲದ ಮೇಲೆ ಕೂತೆ. "ಅತ್ತೆ, ತಲೆ ತುಂಬ ಕಾಯ್ತಿದೆ, ಒಂಚೂರು ಎಣ್ಣೆ ಹಚ್ಚಿ" ಅಂದೆ. ಅವರು ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ನನ್ನ ತುರುಬು ಬಿಚ್ಚಿದರು. "ಎಷ್ಟು ಬೆಳ್ಳಗಾಗಿದೆ ನಿನ್ನ ಕೂದ್ಲು" ಅಂದರು. ಅಷ್ಟೇ ಮಾತು. ಆ ಕೈಯ ಬಿಸಿಗೆ ನಾನು ಕೂತಲ್ಲೇ ತೂಕಡಿಸಿದೆನಂತೆ.

ಈಗ ದಿನಾ ಸಂಜೆ ಅರ್ಧ ಗಂಟೆ ಜಗಲಿಯ ಮೇಲೆ ನಮ್ಮ ಬೈಠಕ್ಕು. ಎರಡು ಗಂಟೆಯ ಎಚ್ಚರ ಪೂರ್ತಿ ಹೋಗಿದೆ ಅಂದರೆ ಸುಳ್ಳಾಗುತ್ತದೆ. ವಾರಕ್ಕೆ ಎರಡು ಮೂರು ದಿನ ಇದ್ದೇ ಇದೆ. ಆದರೆ ಎದ್ದಾಗ ಪಕ್ಕದ ಕೋಣೆಯಲ್ಲಿ ಅತ್ತೆ ಮಗ್ಗುಲಾಗುವ ಸದ್ದು ಕೇಳಿ, ಇವರೂ ಇದ್ದಾರಲ್ಲ ಅನ್ನಿಸುತ್ತದೆ. ಮತ್ತೆ ನಿದ್ದೆ ಹತ್ತುತ್ತದೆ.

ಮುಗಿಸುವ ಮುಂಚೆ ನಿಮಗೆ ಕೆಲವು ಕಿವಿಮಾತು. ಎಲ್ಲವನ್ನೂ ಒತ್ತಡ ಎಂದು ತಳ್ಳಿಹಾಕಬೇಡಿ. ಮುಖ ದುಂಡಗಾಗಿ ಊದಿ, ಹೊಟ್ಟೆಯಷ್ಟೇ ಬೆಳೆದು, ಅದರ ಮೇಲೆ ನೇರಳೆ ಬಣ್ಣದ ಗೀರು ಬಂದರೆ, ಸಣ್ಣ ಪೆಟ್ಟಿಗೂ ಮೈ ಕಪ್ಪುಗಟ್ಟಿದರೆ ಕಾರ್ಟಿಸಾಲ್ ಹೆಚ್ಚಿರಬಹುದು. ತೂಕ ಇಳಿದು, ಮೈಬಣ್ಣ ಕಪ್ಪಾಗಿ, ತಲೆ ಸುತ್ತಿ, ಉಪ್ಪು ಉಪ್ಪು ತಿನ್ನಬೇಕೆನಿಸಿದರೆ ಕಡಿಮೆಯಿರಬಹುದು. ಎರಡಕ್ಕೂ ಡಾಕ್ಟರೇ ಬೇಕು. ಮಂಡಿನೋವಿಗೋ ಉಬ್ಬಸಕ್ಕೋ ಬಹಳ ದಿನ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ನೀವಾಗಿ ತಟ್ಟನೆ ನಿಲ್ಲಿಸಬೇಡಿ. ಹೊರಗಿನ ರಸ ಸಿಗುತ್ತಿದ್ದಾಗ ಮೈಯ ಗ್ರಂಥಿ ಮಲಗಿರುತ್ತದೆ, ಎಬ್ಬಿಸಲು ಕಾಲ ಬೇಕು. ಆ ಮಾತ್ರೆಯನ್ನು ಸಾಮಾನ್ಯವಾಗಿ ಬೆಳಿಗ್ಗೆ ತಿಂಡಿಯಾದ ಮೇಲೆ ಕೊಡುವುದೂ ಮೈಯ ಹೊತ್ತಿಗೆ ಹೊಂದಲೆಂದೇ. ಎದ್ದ ಕೂಡಲೆ ಅಂಗಳದ ಬೆಳಕಿಗೆ ಮುಖವೊಡ್ಡಿ. ರಾತ್ರಿ ಮೊಬೈಲು ದೂರವಿಡಿ.

ಇನ್ನೊಂದು ಮಾತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅರ್ಧ ಗಂಟೆಯಾದರೂ ಕೆಲಸದಿಂದ ಕೈ ತೆಗೆಯಿರಿ. ಅಪರಾಧ ಮಾಡಿದಂತೆ ಅನ್ನಿಸಿದರೆ ತೋಟದ ಕೋತಿಗಳನ್ನು ನೋಡಿ. ಮತ್ತು ನಿಮ್ಮ ಮನೆಯಲ್ಲಿ ಹಿರಿಯರೊಬ್ಬರು ಜಗಲಿಯಲ್ಲಿ ಒಬ್ಬರೇ ಕೂತಿದ್ದರೆ, ಅವರ ಮುಂದೆ ಹೋಗಿ ತಲೆ ಬಿಚ್ಚಿ ಕೂತುಕೊಳ್ಳಿ. ಎಣ್ಣೆ ಹಚ್ಚಿಸಿಕೊಳ್ಳುವವರು ನೀವಾದರೂ, ಉಪಕಾರವಾಗುವುದು ಇಬ್ಬರಿಗೂ.